ಧರ್ಣಪ್ಪ ಎಣಿಸಿದ ಸದ್ದು

ಮೂಡುಬಿದಿರೆಯ ಕಾಲೇಜೊಂದರ ಗೇಟು ಕಾಯುವ ಧರ್ಣಪ್ಪನಿಗೆ ರಾಕೆಟ್ಟಿನ ಗಂಧಗಾಳಿಯೂ ಇರಲಿಲ್ಲ. ಆದರೂ ಭೌತಶಾಸ್ತ್ರ ಕಲಿಸುವ ಶಹನಾಝ್ ಮೇಡಂ ವಾರಕ್ಕೊಮ್ಮೆ ಲ್ಯಾಪ್‌ಟಾಪ್ ಹಿಡಿದು ಅವನ ಕಾವಲು ಕೋಣೆಗೆ ಬರುತ್ತಿದ್ದರು. ಬಿ.ಸಿ.ರೋಡಿನಿಂದ ದಿನಾ ಬಸ್ಸಿನಲ್ಲಿ ಓಡಾಡುವ ಈ ಮೇಡಂಗೆ ಒಂದು ಹುಚ್ಚು. ಹೊರಗಿನವರಿಗೆ ಬಾಗಿಲು ಹಾಕಿಕೊಂಡ ಒಂದು ದೇಶ ಗುಟ್ಟಾಗಿ ನಡೆಸುವ ರಾಕೆಟ್ ಎಂಜಿನ್ ಪರೀಕ್ಷೆಗಳನ್ನು ಉಪಗ್ರಹದ ಚಿತ್ರಗಳಲ್ಲಿ ಹುಡುಕುವುದು, ಹುಲ್ಲು ಎಷ್ಟು ದೂರ ಸುಟ್ಟಿದೆಯೆಂದು ಅಳೆಯುವುದು, ಹಾರಿದ್ದೆಷ್ಟು ಬಿದ್ದದ್ದೆಷ್ಟು ಎಂದು ವರದಿ ಬರೆಯುವುದು. ಆ ದೇಶದವರನ್ನು ಕೇಳಿದರೆ ಬಿದ್ದದ್ದು ಒಂದೂ ಇಲ್ಲ. ಎಲ್ಲವೂ ಯಶಸ್ವಿ, ಪುಣ್ಯವಂತರು.

ಧರ್ಣಪ್ಪ ಹಿಂದೆ ಬಂಟ್ವಾಳದ ಕಡೆಯ ಕಲ್ಲುಕೋರೆಯಲ್ಲಿ ಹದಿನಾಲ್ಕು ವರ್ಷ ಬಂಡೆಗೆ ಮದ್ದಿಟ್ಟವನು. ಸುಟ್ಟ ನೆಲ ನೋಡಿ ಸಿಡಿದದ್ದು ಹೇಗೆಂದು ಹೇಳಬಲ್ಲ. ಮೇಡಂಗೆ ಬೇಕಾದದ್ದು ಅದು. ಅವನ ತಮ್ಮ ಭೋಜ ಸತ್ತದ್ದೂ ಅದೇ ಕೋರೆಯಲ್ಲಿ, ಮದ್ದು ಸಿಡಿಯದೆ ಉಳಿದಿದ್ದ ಕುಳಿಯ ಹತ್ತಿರ ಹೋಗಿ. ಕೋರೆಯ ಧಣಿ ಅವಸರ ಮಾಡಿ ಕಳಿಸಿದ ಎಂದು ಹತ್ತೊಂಬತ್ತು ವರ್ಷದಿಂದ ಊರೆಲ್ಲ ಆಡಿಕೊಳ್ಳುತ್ತದೆ. ಧರ್ಣಪ್ಪ ಅದಕ್ಕೆ ಹೌದೆಂದವನೂ ಅಲ್ಲ, ಅಲ್ಲವೆಂದವನೂ ಅಲ್ಲ.

ಆ ಶನಿವಾರ ಮೇಡಂ ಮೂರು ಚಿತ್ರ ತೋರಿಸಿದರು. ಬೆಳಗ್ಗಿನದರಲ್ಲಿ ಎಂಜಿನ್ ಇರಿಸಿದ ಕಟ್ಟೆಯ ಸುತ್ತ ನರಪಿಳ್ಳೆ ಇಲ್ಲ, ಗಾಡಿಗಳೆಲ್ಲ ದೂರ ನಿಂತಿವೆ. ಮಧ್ಯಾಹ್ನದ್ದರಲ್ಲಿ ನೆಲ ಸುಟ್ಟಿಲ್ಲ, ಆದರೆ ಕಟ್ಟೆಯ ಬುಡದಲ್ಲಿ ಎರಡು ಜೀಪು. ಮಾರನೆಯ ದಿನದ್ದರಲ್ಲಿ ಕಟ್ಟೆಯೂ ಇಲ್ಲ, ಜೀಪೂ ಇಲ್ಲ, ಬರೀ ಕಪ್ಪು ನೆಲ.

"ಎಂಜಿನ್ ಹೊತ್ತಿಕೊಳ್ಳಲಿಲ್ಲ ಮೇಡಂ," ಎಂದ ಧರ್ಣಪ್ಪ. "ಇಂಧನ ಒಳಗೇ ಉಂಟು. ಎಂತಾಯ್ತು ಅಂತ ನೋಡ್ಲಿಕ್ಕೆ ಜನ ಹೋಗಿದ್ದಾರೆ. ಆಗ ಸಿಡಿದದ್ದು."

"ನನಗೂ ಹಾಗೇ ಕಾಣ್ತದೆ ಧರ್ಣಪ್ಪಣ್ಣ. ಮೇಲಿನವರ ಅವಸರಕ್ಕೆ ಇವರ ಜೀವ ಹೋಯ್ತು ಅಂತ ಬರೀತೇನೆ. ನಿಮ್ಮ ತಮ್ಮನದ್ದೂ ಹಾಗೇ ಅಲ್ವಾ?"

ಊರಿನವರ ಬಾಯಲ್ಲಿ ಆ ಮಾತು ಕೇಳಿ ಕೇಳಿ ಧರ್ಣಪ್ಪನಿಗೆ ರೂಢಿಯಾಗಿತ್ತು. ಅದು ಕಾಗದದ ಮೇಲೆ ಕೂರುತ್ತದೆ, ಅದೂ ತನ್ನ ಮಾತಿನ ಬಲದಿಂದ ಎಂದಾಗ ಅವನಿಗೆ ತಡೆಯಲಾಗಲಿಲ್ಲ.

"ಹಾಗೆ ಬರೀಬೇಡಿ. ಚಿತ್ರದಲ್ಲಿ ಅದು ಕಾಣುದಿಲ್ಲ."

"ಮತ್ತೆ ಯಾರು ಕಳಿಸ್ತಾರೆ?"

"ದೂರ ನಿಂತು ನೋಡುವವ ಒಬ್ಬ ಇರ್ತಾನೆ. ಎಲ್ಲ ಸರಿ ಉಂಟು, ಇನ್ನು ಹೋಗ್ಬಹುದು ಅಂತ ಹೇಳುವವ. ಕೋರೆಯಲ್ಲಿ ಅದು ನಾನು. ಎಂಟು ಕುಳಿಗೆ ಬೆಂಕಿ ಕೊಟ್ಟರೆ ಎಂಟು ಸದ್ದು ಎಣಿಸ್ಬೇಕು. ಆ ದಿನ ಆಚೆ ಬಂಡೆಗೆ ಬಡಿದು ಮರಳಿ ಬಂದ ಸದ್ದನ್ನೂ ನಾನು ಲೆಕ್ಕಕ್ಕೆ ಹಿಡಿದೆ. ಹೋಗು ಅಂದೆ, ಭೋಜ ಹೋದ. ಧಣಿ ಆ ದಿನ ಕೋರೆಗೇ ಬಂದಿರಲಿಲ್ಲ."

ಮೇಡಂ ಅವಸರದ ಮಾತನ್ನು ವರದಿಗೆ ಸೇರಿಸಲಿಲ್ಲ. ಕಾರಣ ತಿಳಿದಿಲ್ಲ ಎಂದಷ್ಟೇ ಬರೆದರು.

"ತಮ್ಮನ ಹೆಂಡತಿಗೆ ಗೊತ್ತುಂಟಾ?" ಎಂದು ಕೇಳಿದರು. ಧರ್ಣಪ್ಪ ಇಲ್ಲವೆಂದು ತಲೆಯಾಡಿಸಿದ.

ಭಾನುವಾರ ಅವನು ಬೆಳ್ತಂಗಡಿಯ ಬಸ್ಸು ಹತ್ತಿದ. ಭೋಜನ ಹೆಂಡತಿ ಕಾಂತಿ ಈಗ ಅಲ್ಲೇ ಹತ್ತಿರದ ಲಾಯಿಲದಲ್ಲಿ ಬೀಡಿ ಕಟ್ಟಿಕೊಂಡು ಬಾಡಿಗೆ ಮನೆಯಲ್ಲಿದ್ದಾಳೆ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ಗಟ್ಟಿ ಮನಸ್ಸು ಮಾಡಿ ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಕಾಂತಿ ಬೈಯಲಿಲ್ಲ. ಮಡಿಲಲ್ಲಿದ್ದ ಬೀಡಿಯ ಗೆರಸೆಯನ್ನು ಮೆಲ್ಲನೆ ಕೆಳಗಿಟ್ಟಳು.

"ಎಂಟು ಕುಳಿ ಅಂತ ಆ ದಿನ ಬೆಳಗ್ಗೆ ಅವರು ಹೇಳಿ ಹೋಗಿದ್ರು. ಆಗ ಕೋರೆಯ ಹತ್ತಿರವೇ ಮನೆ, ಅಲ್ಲಿ ನಾವು ಹೆಂಗಸರೂ ಸದ್ದು ಎಣಿಸ್ತಿದ್ದೆವು ಭಾವ. ನನಗೆ ಏಳೇ ಕೇಳಿದ್ದು. ಓಡಿ ಬಂದು ಹೇಳುವ ಅಂತ ಎದ್ದೆ. ಭಾವನೇ ನಿಂತು ಎಣಿಸುವಾಗ ನನಗೆಂತ ಗೊತ್ತು ಅಂತ ಮತ್ತೆ ಕೂತೆ."