ಕಣ್ಣಿಗೊತ್ತಿಕೊಳ್ಳುವ ಮೊದಲು

ದಿಲ್ಲಿಯ ಓಖ್ಲಾದ ನಮ್ಮ ಶೆಡ್ಡಿನಲ್ಲಿ ಚಳಿಗಾಲದ ಬೆಳಗು ಅರೆನಿದ್ದೆಯ ಹಾಗಿರುತ್ತದೆ. ಹೊಗೆಮಂಜು ಬಾಗಿಲವರೆಗೂ ಬಂದು ನಿಲ್ಲುತ್ತದೆ. ಎದುರಿನ ಗಾರ್ಮೆಂಟ್ ಕಾರ್ಖಾನೆ ಇದೆಯೋ ಇಲ್ಲವೋ ಹೇಳುವುದು ಕಷ್ಟ. ಒಳಗೆ ನಾನು ಕೋಲ್ಡ್ ಸ್ಪ್ರೇ ಗನ್ನಿನಿಂದ ಸವೆದ ಅಚ್ಚುಗಳಿಗೆ ಲೋಹ ತುಂಬುತ್ತಿರುತ್ತೇನೆ. ಇದು ಬೆಸುಗೆಯಲ್ಲ, ಲೋಹ ಕರಗುವುದೇ ಇಲ್ಲ. ಲೋಹದ ಪುಡಿ ಗಾಳಿಯ ರಭಸಕ್ಕೆ ಹಾರಿ, ಬಡಿದಲ್ಲೇ ಅಂಟಿ, ಪದರ ಪದರವಾಗಿ ಬೆಳೆಯುತ್ತದೆ. ನೋಡುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಶೆಡ್ಡು ಮಾವನದು, ನನ್ನ ಗಂಡನ ಅಪ್ಪನದು. ಕೊಡಗಿನವರು, ಸೇನೆಯ ವರ್ಕ್‌ಶಾಪಿನಲ್ಲಿ ಆಯುಷ್ಯ ಕಳೆದವರು. ಕೆಲಸಕ್ಕೆ ಮುಂಚೆ ಪ್ರತಿ ಅಚ್ಚನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಚಪ್ಪಲಿ ಅಟ್ಟೆಯ ಅಚ್ಚಿಗೂ ಅದೇ ಮರ್ಯಾದೆ.

ಕಳೆದ ಚಳಿಗಾಲದಲ್ಲಿ ಅಂಥದ್ದೇ ಒಂದು ಅಲ್ಯೂಮಿನಿಯಂ ಅಚ್ಚು ನನ್ನನ್ನು ಆಟವಾಡಿಸಿತು. ತುಂಬಿದ ಪದರ ಎರಡು ಸಲವೂ ಚಕ್ಕೆಯಾಗಿ ಎದ್ದಿತು. ಇನ್ನೊಮ್ಮೆ ಎದ್ದರೆ ಅಚ್ಚು ಗುಜರಿಗೆ, ತಾನು ಬೇರೆ ಕಡೆಗೆ ಎಂದ ಗಿರಾಕಿ. ನಮ್ಮ ಹೆಚ್ಚಿನ ಕೆಲಸವೆಲ್ಲ ಅವನದೇ; ಅವನು ಹೋದರೆ ಶೆಡ್ಡಿಗೆ ಬೀಗ ಹಾಕಬೇಕಿತ್ತು. ನಾನು ಪುಡಿಯನ್ನು ಬೈದೆ, ದಿಲ್ಲಿಯ ಗಾಳಿಯನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಮೂರನೇ ಸಲ ಅಚ್ಚಿಗೆ ಮರಳು ಊದಿ, ಮೈ ಒರಟು ಮಾಡಿಟ್ಟೆ. ಮಾವ ಎಂದಿನಂತೆ ಹತ್ತಿರ ಬಂದು ಕೈ ಚಾಚಿದರು. ಹಿಂದೆ ಎರಡು ಸಲವೂ ಚಕ್ಕೆ ಎದ್ದದ್ದು ಅವರ ಕೈ ಹೋಗುತ್ತಿದ್ದ ಅದೇ ಜಾಗದಲ್ಲಿ! ಬೇರೆ ಅಚ್ಚುಗಳಲ್ಲಿ ಸವೆದ ಜಾಗ ಅವರು ಮುಟ್ಟುವಲ್ಲಿ ಇರುತ್ತಿರಲಿಲ್ಲ. ಊದಿದ ಮೇಲೆ ಬೆರಳಿನ ಬೆವರು ತಾಗಿದರೂ ಪದರ ಹಿಡಿಯುವುದಿಲ್ಲ. ಶೆಡ್ಡಿನಲ್ಲಿ ಎಲ್ಲರಿಗೂ ಗ್ಲೌಸು ಹಾಕಿಸುವವಳು ನಾನೇ. ಆದರೆ ಮಾವನದು ನಮಸ್ಕಾರ. ಅದೂ ಮುಟ್ಟುವುದೇ ಎಂದು ಯಾರಿಗೂ ಹೊಳೆದಿರಲಿಲ್ಲ.

"ಮಾವ, ಮುಟ್ಟಬೇಡಿ!"

ಕೂಗಿಯೇಬಿಟ್ಟೆ. ಅವರ ಕೈ ಗಾಳಿಯಲ್ಲೇ ನಿಂತಿತು.

"ನನ್ನ ಕೈಯಿಂದಾನಾ?" ಎಂದರು ಮೆಲ್ಲಗೆ.

ಹೌದೆಂದು ತಲೆಯಾಡಿಸಿದೆ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ಸರಿದರು. ನಾನು ಗನ್ ಹಿಡಿದೆ. ಬೂದುಬಣ್ಣದ ಲೋಹ ಸದ್ದಿನೊಳಗಿಂದಲೇ ಹುಟ್ಟುವಂತೆ ಬೆಳೆಯತೊಡಗಿತು. ಅಷ್ಟು ಹೊತ್ತೂ ಅವರು ಅಲುಗಲಿಲ್ಲ.

ಮುಗಿದ ಮೇಲೆ ಉಳಿಯ ತುದಿಯಿಂದ ಅಂಚನ್ನು ಮೀಟಿ ನೋಡಿದೆ. ಪದರ ಜಪ್ಪಯ್ಯ ಅನ್ನಲಿಲ್ಲ. ಗಿರಾಕಿ ಉಳಿದ, ಶೆಡ್ಡೂ ಉಳಿಯಿತು. ಸಂತೋಷದಿಂದ ತಿರುಗಿದರೆ ಮಾವ ಇನ್ನೂ ಅಲ್ಲೇ ನಿಂತಿದ್ದರು, ಕೈಗಳು ಬೆನ್ನ ಹಿಂದೆಯೇ.

"ಈಗ ಮುಟ್ಟಬಹುದೇನಮ್ಮಾ?"

ತಮ್ಮದೇ ಶೆಡ್ಡಿನಲ್ಲಿ ನನ್ನ ಅಪ್ಪಣೆ ಕೇಳುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಅವರ ಕೈ ಹಿಡಿದು ನಾನೇ ಅಚ್ಚಿನ ಮೇಲಿಟ್ಟೆ.