ಕಪ್ಪಾದ ಕರಡಿಗೆ

ನಡೆದದ್ದು ಇಷ್ಟೇ. ಲಿಂಗ ಕಳೆದಿರಲಿಲ್ಲ, ನಾನು ಬಿಚ್ಚಿಸಿದ್ದೆ. ಪವಾಡ ನಡೆದಿರಲಿಲ್ಲ, ನಾನು ಸುಳ್ಳು ಹೇಳಿದ್ದೆ. ಹಳೇಬೀಡಿನ ನೆಂಟರು ಬಾಯಿಂದ ಬಾಯಿಗೆ ದಾಟಿಸಿ ಇದನ್ನು ಬೇರೆ ಥರ ಮಾಡಿಟ್ಟಿದ್ದಾರೆ. ಸಮುದ್ರದ ಪಾಲಾದ ಲಿಂಗ ಲಾಂಚು ಹತ್ತಿ ಬಂದು ಬೀಗಿತ್ತಿಯ ಕೈ ಸೇರಿತಂತೆ. ಟಿಕೇಟು ಯಾರು ತೆಗೆಸಿದರೋ.

ಈ ಮಾತು ಈಗ ಎದ್ದದ್ದು ಹುಣಸೆಹಣ್ಣಿನಿಂದ. ನಿನ್ನೆ ಸೊಸೆ ಪುಷ್ಪ ಹಿತ್ತಲಲ್ಲಿ ಕೂತು ಬೆಳ್ಳಿ ಸಾಮಾನು ತಿಕ್ಕುತ್ತಿದ್ದಳು. ದೀಪ, ಕುಂಕುಮದ ಬಟ್ಟಲು, ಮೊಮ್ಮಗಳ ಕಾಲ್ಗೆಜ್ಜೆ ಎಲ್ಲ ಬೆಳ್ಳಗಾಗಿದ್ದವು. "ಅತ್ತೆ, ನಿಮ್ ಕರಡಿಗೇನೂ ಕೊಡಿ, ಇದ್ದಿಲಾಗೈತೆ" ಎಂದಳು. ಕೊಡುವುದಿಲ್ಲ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ನೀವಾದರೂ ಕೇಳಿ.

ನಮ್ಮ ಜನವಲ್ಲದವರಿಗೆ ಮೊದಲು ಒಂದು ವಿಷಯ ಹೇಳಬೇಕು. ನಾವು ಇಷ್ಟಲಿಂಗವನ್ನು ಬೆಳ್ಳಿಯ ಪುಟ್ಟ ಡಬ್ಬಿಯಲ್ಲಿಟ್ಟು ದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಆ ಡಬ್ಬಿಯೇ ಕರಡಿಗೆ. ಬೆಳಿಗ್ಗೆ ಸ್ನಾನವಾದ ಮೇಲೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಹೂವಿಟ್ಟು ಪೂಜೆ ಮಾಡಿದ ಮೇಲೇ ಬಾಯಿಗೆ ಅನ್ನ. ಒಬ್ಬರ ಲಿಂಗ ಇನ್ನೊಬ್ಬರಿಗೆ ಆಗದು. ಗುರು ಯಾರ ಕೈಗೆ ಕೊಟ್ಟರೋ ಅವರಿಗೇ, ಸಾಯುವ ತನಕ, ಸತ್ತು ಮಣ್ಣಿಗೆ ಹೋಗುವಾಗಲೂ.

ಇದು ಕಟ್ಟಳೆ. ಕಟ್ಟಳೆ ಇದ್ದಲ್ಲಿ ನನ್ನಂಥವರೂ ಇರುತ್ತಾರೆ. ಮದುವೆಯಾಗಿ ಕಣಕಟ್ಟೆಗೆ ಬಂದಾಗ ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ, ಅಂಗಳದ ತುಂಬ ಆಳು. ನಾನು ಕಣ್ಣು ಮುಚ್ಚಿ ಕೂತರೆ ಒಲೆಯ ಮೇಲಿನ ಮುದ್ದೆ ಯಾರು ತೊಳಸಬೇಕು? ಒಂದು ದಿನ ಪೂಜೆ ಬಿಟ್ಟೆ. ಆಮೇಲೆ ಒಂದು ವಾರ. ಆಮೇಲೆ ಲೆಕ್ಕ ಇಡಲಿಲ್ಲ. ಶಿವ ಬಂದು ಕೇಳಲಿಲ್ಲ. ಅತ್ತೆ ಕೇಳಿದರು, ಅವರೂ ಹೋದರು.

ಬೀಗಿತ್ತಿ ಎಂದರೆ ಪುಷ್ಪನ ತಾಯಿ, ಹಳೇಬೀಡಿನವರು. ನನಗೆ ಪೂರ್ತಿ ವಿರುದ್ಧ. ಜ್ವರ ಬಂದು ಹಾಸಿಗೆ ಹಿಡಿದಾಗಲೂ ಪೂಜೆ ತಪ್ಪಿಸಿದವರಲ್ಲ. ನನ್ನ ಬೋಳು ಕೊರಳು ನೋಡಿ ಮಕ್ಕಳ ಮದುವೆಯಲ್ಲೇ ಒಂದು ಬೆಳ್ಳಿ ಕರಡಿಗೆ ಕೊಟ್ಟರು. ತಮ್ಮದರಂಥದೇ, ಅದೇ ಅಕ್ಕಸಾಲಿ ಮಾಡಿದ್ದು, ಮೇಲೆ ಅದೇ ಬಳ್ಳಿಯ ಕೆತ್ತನೆ. "ಇನ್ನಾದ್ರೂ ಕೊರಳಿಗೆ ಹಾಕ್ಕಳ್ರೀ ಬೀಗ್ರೇ" ಎಂದರು. ನಾನು ನನ್ನ ಲಿಂಗವನ್ನು ಅದರಲ್ಲಿಟ್ಟು, ಅದನ್ನು ನನ್ನ ಎಲೆಅಡಿಕೆ ಸಂಚಿಯಲ್ಲಿಟ್ಟೆ. ಕೊರಳಿನಿಂದ ಸೊಂಟಕ್ಕೆ ಒಂದು ಮೊಳ, ಅಷ್ಟೇ ತಾನೆ? ಒಂದು ಕಡೆ ಸುಣ್ಣದ ಡಬ್ಬಿ, ಒಂದು ಕಡೆ ಹೊಗೆಸೊಪ್ಪು, ನಡುವೆ ದೇವರು. ಕಾವಲು ಚೆನ್ನಾಗಿತ್ತು.

ಎರಡು ವರ್ಷದ ಹಿಂದೆ, ಮೊಮ್ಮಗಳು ಇನ್ನೂ ಹುಟ್ಟಿರದಾಗ, ಮಗನ ಆಫೀಸಿನಲ್ಲಿ ರಜೆಯ ಜೊತೆಗೆ ಪ್ರಯಾಣದ ಖರ್ಚೂ ಕೊಡುತ್ತಾರೆಂದು ನಾವು ನಾಲ್ವರು, ಮಗ, ಸೊಸೆ, ಇಬ್ಬರು ಬೀಗಿತ್ತಿಯರು, ಕೊಚ್ಚಿಯ ಹತ್ತಿರದ ಒಂದು ಬೀಚ್ ರೆಸಾರ್ಟಿಗೆ ಹೋದೆವು. ಅಲ್ಲಿ ಮನೆಗಳಿಗೆ ತೆಂಗಿನ ಗರಿ ಹೊದಿಸಿದ್ದರು. ನಮ್ಮೂರಿನಲ್ಲಿ ದನದ ಕೊಟ್ಟಿಗೆಗೂ ಗರಿ ಬಿಟ್ಟು ಶೀಟು ಹಾಕಿಸಿ ವರ್ಷಗಳಾದವು. ಹೋದ ತಕ್ಷಣ ಒಬ್ಬ ಹುಡುಗಿ ನಗುತ್ತಾ ಎಳನೀರು ತಂದುಕೊಟ್ಟಳು. ಅರಸೀಕೆರೆಯ ತೆಂಗಿನ ಸೀಮೆಯವರಿಗೆ ಎಳನೀರಿನ ಉಪಚಾರ. ಕಾಯಿಯನ್ನು ಬೆರಳಿನಿಂದ ತಟ್ಟಿ ನೋಡಿ, "ಇದು ಬಲಿತೈತೆ, ಎಳನೀರಲ್ಲ" ಎಂದೆ. ಅವಳಿಗೆ ಕನ್ನಡ ಬಾರದು, ಇನ್ನಷ್ಟು ನಕ್ಕಳು.

ಮಾರನೇ ದಿನ ಹಳೆಯ ಕೊಚ್ಚಿ ನೋಡಲು ಹೋಗುವುದೆಂದಾಯಿತು. ಗಾಡಿಯಲ್ಲಿ ಒಂದು ಗಂಟೆ ಹೋಗಿ, ಅಲ್ಲಿಂದ ಲಾಂಚಿನಲ್ಲಿ ಹಿನ್ನೀರು ದಾಟಬೇಕು. ಬೆಳಿಗ್ಗೆ ಬೀಗಿತ್ತಿಗೆ ಸಮುದ್ರಸ್ನಾನದ ಹಂಬಲ. ಅವರು ಕಂಡ ದೊಡ್ಡ ನೀರೆಂದರೆ ಹುಲಿಕೆರೆಯ ಕೊಳ. ಅಲ್ಲಿಯಾದರೆ ಮೆಟ್ಟಿಲಿದೆ, ನೀರು ಇದ್ದಲ್ಲೇ ಇರುತ್ತದೆ. ಇಲ್ಲಿ ಅದು ಎದ್ದು ಮೈಮೇಲೆ ಬರುತ್ತದೆ. ಅಂಜುತ್ತಾ ನಿಂತವರಿಗೆ ನಾನೇ ಹೇಳಿದೆ: "ಕರಡಿಗೆ ಬಿಚ್ಚಿಟ್ಟು ಬನ್ರೀ. ಉಪ್ಪುನೀರಿಗೆ ಬೆಳ್ಳಿ ಕಪ್ಪಾಯ್ತದೆ."

"ಬಿಚ್ಚಬಾರದು ಕಣ್ರೀ."

"ಅಲೆ ಕಿತ್ಕಂಡು ಹೋದ್ರೆ ಮೀನು ಪೂಜೆ ಮಾಡ್ತದಾ?"

ಬಿಚ್ಚಿ ಬಚ್ಚಲಮನೆಯ ಗೂಟಕ್ಕೆ ತಗುಲಿಹಾಕಿದರು. ಜೀವಮಾನದಲ್ಲಿ ಮೊದಲ ಸಲ. ಸ್ನಾನವಾಗುವ ಹೊತ್ತಿಗೆ ಗಾಡಿಯವನು ಹಾರನ್ ಹೊಡೆಯತೊಡಗಿದ್ದ. ಅವರಿಗೆ ಸಕ್ಕರೆ ಕಾಯಿಲೆ. ದಿನವೂ ಸೂಜಿ, ಪೂಜೆ, ಊಟ, ಈ ಕ್ರಮದಲ್ಲೇ ಆಗಬೇಕು. ಗಡಿಬಿಡಿಯಲ್ಲಿ ಸೂಜಿ ಚುಚ್ಚಿಕೊಂಡರು, ಚಪಾತಿಯ ಡಬ್ಬಿ ಎತ್ತಿಕೊಂಡರು, ಪೂಜೆ ದಾರಿಯಲ್ಲೇ ಮಾಡಿದರಾಯಿತು ಎಂದರು. ಹತ್ತೇ ನಿಮಿಷದಲ್ಲಿ ಗಾಡಿಯಲ್ಲಿ ನಿದ್ದೆ ಹೋದರು. ಅಲೆ ಅಷ್ಟು ಕುಣಿಸಿತ್ತು.

ಲಾಂಚಿಗೆ ಉದ್ದನೆಯ ಸಾಲು. ಕೊನೆಗೂ ಹತ್ತಿ ಕೂತೆವು. ಲಾರಿ, ಸ್ಕೂಟರು, ಮೀನಿನ ಬುಟ್ಟಿ ಎಲ್ಲ ಒಟ್ಟಿಗೇ ದಾಟುತ್ತಿದ್ದವು. ಬೀಗಿತ್ತಿ ಡಬ್ಬಿ, ವಿಭೂತಿ, ಎರಡು ದಾಸವಾಳ ಎಲ್ಲ ಜೋಡಿಸಿಕೊಂಡು ಕೊರಳಿಗೆ ಕೈಹಾಕಿದರು. ಕೈ ಅಲ್ಲೇ ನಿಂತಿತು. ಅವರ ಮುಖವನ್ನು ನಾನು ನೋಡಬಾರದಿತ್ತು, ನೋಡಿದೆ.

"ಅಲ್ಲೇ ಬಿಟ್ಟೆ" ಎಂದರು.

ಮಗ ರೆಸಾರ್ಟಿಗೆ ಫೋನು ಮಾಡಿದ, ಯಾರೂ ಎತ್ತಲಿಲ್ಲ. ಪುಷ್ಪ ಬಾಳೆಹಣ್ಣು ಸುಲಿದು, "ಅವ್ವ, ಸೂಜಿ ತಗಂಡಿದೀಯ, ಒಂದು ತುತ್ತು ತಿನ್ನವ್ವ" ಎಂದು ಅಂಗಲಾಚಿದಳು. ಅವರು ಮುಖ ತಿರುಗಿಸಿದರು. "ಲಿಂಗ ಇಲ್ದೆ ಬಾಯಿಗೆ ನೀರೂ ಬಿಡಕಿಲ್ಲ. ಸುಮ್ನಿರು."

ಸೂಜಿ ತೆಗೆದುಕೊಂಡು ತಿನ್ನದಿದ್ದರೆ ಏನಾಗುತ್ತದೆಂದು ನನಗೆ ಗೊತ್ತು. ನಮ್ಮ ಭಾವ ಹಾಗೆ ಬಿದ್ದವರು ಎರಡು ದಿನ ಕಣ್ಣು ತೆರೆದಿರಲಿಲ್ಲ. ಲಾಂಚು ಆಚೆ ದಡ ಮುಟ್ಟಿದಾಗ ಬೀಗಿತ್ತಿಯ ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು. ಒಂದು ದೊಡ್ಡ ಮರದ ಕೆಳಗೆ ಕಲ್ಲಿನ ಮೇಲೆ ಕೂರಿಸಿದೆವು. ಮಗ ಆಸ್ಪತ್ರೆ ಎಲ್ಲಿದೆ ಎಂದು ವಿಚಾರಿಸಲು ಓಡಿದ. ಎದುರಿಗೆ ಮೀನಿನ ಬಲೆಗಳು, ಚೀನಾದವಂತೆ, ಆನೆಯಷ್ಟು ದೊಡ್ಡವು, ಆರು ಜನ ಸೇರಿ ಎಳೆದರೆ ಅಂಗೈಯಗಲ ಮೀನು. ಜನ ಅದರ ಫೋಟೋ ತೆಗೆಯುತ್ತಿದ್ದರು. ನಾನು ಬಿಚ್ಚಿಸದಿದ್ದರೆ ಈ ಹೆಂಗಸು ಈಗ ಚಪಾತಿ ತಿನ್ನುತ್ತಾ ಅದನ್ನೇ ಬೈಯುತ್ತಿರುತ್ತಿತ್ತು ಎಂದುಕೊಂಡೆ.

ಸಂಚಿಗೆ ಕೈ ಹಾಕಿದೆ. ಹೊಗೆಸೊಪ್ಪು ಒತ್ತರಿಸಿ, ಸೆರಗಿನಲ್ಲಿ ಒರೆಸಿ, ಕರಡಿಗೆ ಮುಂದೆ ಹಿಡಿದೆ.

"ನನ್ನ ಬುದ್ಧಿಗಿಷ್ಟು. ನೀವು ಮರೀತೀರಿ ಅಂತ ನಾನೇ ಗೂಟದಿಂದ ತೆಗೆದು ಸಂಚಿಗೆ ಹಾಕ್ಕಂಡಿದ್ದೆ ಬೀಗ್ರೇ. ದಾರ ಕಿತ್ತೋಯ್ತು."

ಅವರು ಡಬ್ಬಿಯ ಕೆತ್ತನೆ ನೋಡಿದರು. ನನ್ನನ್ನು ನೋಡಿದರು. ಮುಚ್ಚಳ ತೆಗೆದು ಲಿಂಗವನ್ನು ಅಂಗೈಗಿಟ್ಟುಕೊಂಡು ಕಣ್ಣು ಮುಚ್ಚಿದರು. ಬಾಟಲಿಯ ನೀರೆರೆದು, ವಿಭೂತಿ ಹಚ್ಚಿ, ಎರಡು ದಾಸವಾಳವನ್ನೂ ಏರಿಸಿದರು. ಕೈ ನಡುಗುತ್ತಿದ್ದರೂ ಒಂದು ಹನಿ ಅವಸರವಿಲ್ಲ. ನಾನು ಆ ಬಲೆ ನೋಡುತ್ತಾ ನಿಂತೆ. ಪೂಜೆ ಮುಗಿಸಿ ಬಾಳೆಹಣ್ಣು ತಿಂದರು, ನಾಲ್ಕು ಚಪಾತಿ ತಿಂದರು, ನನ್ನ ಪಾಲಿನದನ್ನೂ ತಿಂದರು.

ಮಗ ವಾಪಸು ಬರುವುದಕ್ಕೂ ರೆಸಾರ್ಟಿನಿಂದ ಫೋನು ಬರುವುದಕ್ಕೂ ಸರಿಹೋಯಿತು. "ಬಾತ್‌ರೂಮಲ್ಲಿ ಸಿಕ್ತಾ?" ಎಂದು ಬಾಯಿಬಿಟ್ಟ. ನಾನು ಅವನನ್ನು ನೋಡಿದೆ. ಚಿಕ್ಕಂದಿನಲ್ಲಿ ಆ ನೋಟ ಕಂಡರೆ ಅವನು ಅಟ್ಟ ಹತ್ತುತ್ತಿದ್ದ. "ರಾಂಗ್ ನಂಬರ್" ಎಂದು ಫೋನು ಇಟ್ಟ.

ಆಮೇಲೆ ಊರು ನೋಡಿದೆವು. ಹಳೆಯ ಗೋಡೆ, ಹಳೆಯ ಬಾಗಿಲು, ಶುಂಠಿ ಮೆಣಸಿನ ಘಾಟು ಹೊಡೆಯುವ ಉಗ್ರಾಣಗಳು. ಒಂದು ಕಟ್ಟಡದ ಮುಂದೆ ಗೈಡು ಇದು ಐನೂರು ವರ್ಷದ್ದು ಎಂದರೆ ಬೀಗಿತ್ತಿ, "ನಾವು ಇದಕ್ಕಿಂತ ಹಳೇ ಕಲ್ಲಿನ ಮ್ಯಾಲೆ ಹಪ್ಪಳ ಒಣಗಿಸ್ತಿದ್ವಿ" ಎಂದರು. ಹೊಟ್ಟೆ ತುಂಬಿದ ಮೇಲೆ ನಾಲಗೆಯೂ ಬಂದಿತ್ತು.

ಸಂಜೆ ಮರಳಿ ಲಾಂಚು. ಮಗ ಸೊಸೆ ಇಬ್ಬರೂ ಅಂಚಿಗೆ ಹೋಗಿ ನಿಂತರು. ಬೀಗಿತ್ತಿ ಸೆರಗಿನಿಂದ ಕರಡಿಗೆ ತೆಗೆದು ನನ್ನ ಮಡಿಲಿಗಿಟ್ಟರು.

"ತಗಳ್ರೀ ನಿಮ್ದು."

"ಯಾವಾಗ ಗೊತ್ತಾಯ್ತು?"

"ಮುಚ್ಚಳ ತೆಗೆದಾಗ್ಲೇ. ನನ್ನ ಲಿಂಗ ಯಾವತ್ತೂ ಹೊಗೆಸೊಪ್ಪು ಹಾಕ್ಕಂಡಿಲ್ಲ ಕಣ್ರೀ."

"ಗೊತ್ತಿದ್ದೂ ಪೂಜೆ ಮಾಡಿದ್ರಾ? ನೀವು?"

ಅವರು ನೀರಿನ ಕಡೆ ತಿರುಗಿದರು. "ಎಷ್ಟು ವರ್ಷ ಆಗಿತ್ತೋ ಏನೋ ಅದರ ಮ್ಯಾಲೆ ಒಂದು ತೊಟ್ಟು ನೀರು ಬಿದ್ದು. ಒಣಗಿ ಬೂದಿ ಆಗಿತ್ತು. ನಂಗೂ ಹಸಿವಾಗಿತ್ತು, ಅದಕ್ಕೂ ಹಸಿವಾಗಿತ್ತು."

ಒಂದು ಎಲೆ ಹಾಕಿಕೊಳ್ಳೋಣವೆಂದು ಸಂಚಿ ಬಿಚ್ಚಿದೆ. ಆ ವಾಸನೆ ನನ್ನ ಮೂಗಿಗೂ ಮೊದಲ ಸಲ ಬಡಿಯಿತು. ಸಂಚಿ ಕಟ್ಟಿದೆ.

ನಾನು ಭಕ್ತಳಾದೆ ಎಂದುಕೊಳ್ಳಬೇಡಿ. ಈಗಲೂ ವಾರದಲ್ಲಿ ಎರಡು ದಿನ ಪೂಜೆ ತಪ್ಪುತ್ತದೆ, ಹೊಗೆಸೊಪ್ಪು ಒಂದು ದಿನವೂ ತಪ್ಪುವುದಿಲ್ಲ. ನಿನ್ನೆ ಪುಷ್ಪ ಕೈಚಾಚಿದಾಗ ಕರಡಿಗೆ ಕೊಡದಿದ್ದದ್ದಕ್ಕೂ ದೊಡ್ಡ ಕಾರಣವಿಲ್ಲ. ಅವಳು ತಿಕ್ಕಿದರೆ ಹೋಗುವುದು ಹಳೆಯ ಕೊಚ್ಚಿ ನೋಡಿ ಬಂದ ಮಾರನೇ ದಿನ ಬೆಳಿಗ್ಗೆ ಹತ್ತಿದ ಕಪ್ಪು. ಅವತ್ತು ಎಲ್ಲರಿಗಿಂತ ಮೊದಲು ಎದ್ದೆ. ರೆಸಾರ್ಟಿನವರ ಹತ್ತಿರ ಗಟ್ಟಿ ದಾರ ಕೇಳಿ ತಂದು, ಕರಡಿಗೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡೆ. ಗೂಟದ ಕರಡಿಗೆಯನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡು ಮಲಗಿದ್ದ ಬೀಗಿತ್ತಿಯನ್ನು ಎಬ್ಬಿಸಿ, ಅವರ ಕೈ ಹಿಡಿದು, ಇಬ್ಬರೂ ಏನನ್ನೂ ಬಿಚ್ಚದೆ ಎದೆಮಟ್ಟದ ನೀರಿಗೆ ಇಳಿದೆವು.