ಕುಂಕುಮ ಇಟ್ಟ ಗೇಟು

ಬಡಗಿ ಮುನಿಗಂಗಪ್ಪನವರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಅವರಿಗೆ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ಮನೆ ಕಟ್ಟಿಸಿ ಅವರ ಬಾಯಿಗೆ ಸಿಗದೆ ಉಳಿದವರು ಕಡಿಮೆ. ಒಂದು ಮನೆಯಲ್ಲಿ ಯಜಮಾನರು "ಅಡುಗೆಮನೆ ಬಾಗಿಲು ಸ್ವಲ್ಪ ಸೊಟ್ಟ ಇದ್ಯಲ್ವಾ" ಅಂದದ್ದಕ್ಕೆ ಬಾಗಿಲನ್ನು ಕಿತ್ತು ತಲೆಯ ಮೇಲೆ ಹೊತ್ತುಕೊಂಡು ಹೊರಟೇ ಹೋಗಿದ್ದರು. ಆ ಮನೆಯವರು ಮೂರು ತಿಂಗಳು ಹಳೇ ಸೀರೆ ಇಳಿಬಿಟ್ಟುಕೊಂಡು ಅಡುಗೆ ಮಾಡಿದರು. ಸೊಟ್ಟ ಇದ್ದದ್ದು ಗೋಡೆ ಅಂತ ಆಮೇಲೆ ಗೊತ್ತಾಯಿತು.

ವಯಸ್ಸಿನಲ್ಲಿ ಅವರು ರೇಷ್ಮೆ ನೂಲು ತೆಗೆಯುವವರಿಗೆ ಮರದ ಚಕ್ರ ಮಾಡಿಕೊಡುತ್ತಿದ್ದರಂತೆ. ಅದಕ್ಕೆ ಕಬ್ಬಿಣ ಬಂತು. ಕಿಟಕಿಗೆ ತಿರುಗಿಕೊಂಡರು, ಅಲ್ಲಿಗೂ ಕಬ್ಬಿಣ ಬಂತು. ಹೀಗಾಗಿ ನಮ್ಮ ಬೀದಿಯ ಕೊನೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಮುಜಮ್ಮಿಲ್ ಮೇಲೆ ಅವರಿಗೆ ಒಂದು ತೂಕ ಹೆಚ್ಚೇ ಸಿಟ್ಟು. ಅವರ ಹತ್ತಿರ ಉಳಿದಿದ್ದದ್ದು ಒಂದೇ ಮಾತು: "ಮನೆ ಮುಂದಕ್ಕೆ ತಂದ ಬಾಗಿಲಿಗೆ ನಾನು ಮತ್ತೆ ಉಜ್ಜುಗೊರಡು ಹಾಕಿ ಕೆರೆದವನಲ್ಲ." ನಲವತ್ತು ವರ್ಷ ಆ ಮಾತು ನಿಂತಿತ್ತು. ಊರು ಅವರ ಬೈಗುಳವನ್ನು ಸಹಿಸಿಕೊಳ್ಳುತ್ತಿದ್ದದ್ದೇ ಅದಕ್ಕೆ.

ಎರಡು ಸಾವಿರದ ನಾಲ್ಕರಲ್ಲಿ ನಾನು ಮನೆ ಕಟ್ಟಿಸಿದೆ. ನಾನು ಟೈಪಿಂಗ್ ಹೇಳಿಕೊಡುವವನು. ಊರವರು ಅದಕ್ಕೂ ಮೇಷ್ಟ್ರು ಅನ್ನುತ್ತಾರೆ. ಕಂಪ್ಯೂಟರ್ ಬಂದಮೇಲೆ ನನಗೆ ಬಿಡುವೋ ಬಿಡುವು. ಅಷ್ಟು ಬಿಡುವಿರುವವನು ಮನೆ ಕಟ್ಟಿಸಬಾರದು. ಗಾರೆ ಕೆಲಸದ ವೆಂಕಟರವಣಪ್ಪ ಕಾಂಪೌಂಡಿಗೆ ಎರಡು ಇಟ್ಟಿಗೆ ಕಂಬ ಎಬ್ಬಿಸಿದ. ನಡುವೆ ಮರದ ಗೇಟೇ ಆಗಬೇಕು ಅಂತ ನನ್ನ ಹಟ. ಮುನಿಗಂಗಪ್ಪನವರು ಬಂದರು. ಅವರು ಟೇಪು ಹಿಡಿಯುವವರಲ್ಲ. ಒಂದು ಬಿದಿರು ಕಡ್ಡಿಯನ್ನು ಕಂಬದಿಂದ ಕಂಬಕ್ಕೆ ಹಿಡಿದು, ಅಷ್ಟಕ್ಕೇ ಕತ್ತರಿಸಿ, ಕಂಕುಳಲ್ಲಿ ಸಿಕ್ಕಿಸಿಕೊಂಡು, "ನಾನು ಬರೋವರ್ಗೂ ಇಲ್ಲಿ ಯಾರೂ ಏನೂ ಮುಟ್ಟಬೇಡಿ" ಎಂದು ಹೋದರು.

ನಾನು ಮುಟ್ಟಲಿಲ್ಲ, ಮುಟ್ಟಿಸಿದೆ. ಎದುರು ಮನೆಯ ಅಕ್ಕಯಮ್ಮ "ಏನ್ ಮೇಷ್ಟ್ರೇ, ಮನೆ ಮುಂದೆ ಇಟ್ಟಿಗೆ ಗೂಡು ಇಟ್ಟಂಗೈತೆ" ಅಂದದ್ದೇ ತಡ, ವೆಂಕಟರವಣಪ್ಪನಿಗೆ ಹೇಳಿ ಕಂಬಗಳ ನಾಲ್ಕೂ ಕಡೆ ಸಿಮೆಂಟು ಪ್ಲಾಸ್ಟರ್ ಮಾಡಿಸಿದೆ. ಪ್ಲಾಸ್ಟರಿಗೂ ದಪ್ಪ ಅಂತ ಒಂದಿರುತ್ತದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಒಂದು ಶುಕ್ರವಾರ ಬೆಳಗ್ಗೆ ಲಗೇಜ್ ಆಟೋದಲ್ಲಿ ಹೊನ್ನೆ ಮರದ ಗೇಟು ಬಂತು. ಹತ್ತೂವರೆಗೆ ರಾಹುಕಾಲ. ನನ್ನ ಹೆಂಡತಿ ತನುಜ ಅವಸರದಲ್ಲಿ ಗೇಟಿಗೆ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಿಯೇಬಿಟ್ಟಳು. ನಾನು ಕಾಯಿ ಒಡೆದೆ. ಮುನಿಗಂಗಪ್ಪನವರೂ ವೆಂಕಟರವಣಪ್ಪನೂ ಗೇಟನ್ನು ಎತ್ತಿ ಕಂಬಗಳ ನಡುವೆ ತಂದರು. ಅದು ಒಳಗೆ ಹೋಗಲಿಲ್ಲ. ಒಂದು ಪಕ್ಕ ಕೂತರೆ ಇನ್ನೊಂದು ಪಕ್ಕ ಕಂಬಕ್ಕೆ ಗುದ್ದುತ್ತಿತ್ತು. ಬೀದಿಯವರೆಲ್ಲ ಬಂದರು. ಮುಜಮ್ಮಿಲ್ಲೂ ಕೈ ಒರೆಸಿಕೊಳ್ಳುತ್ತಾ ಬಂದ.

"ಏಮಯ್ಯಾ, ಗೇಟು ಊದ್ಕೊಂಡೈತಾ?" ವೆಂಕಟರವಣಪ್ಪ ನಕ್ಕ. "ಒಂದೀಟು ಕೆರೆದ್ರೆ ಸರಿಹೋಗ್ತದೆ."

"ಕುಂಕುಮ ಇಟ್ಟ ಮರ ಕೆರೆಯೋದನ್ನ ನಿಮ್ಮಪ್ಪ ಹೇಳ್ಕೊಟ್ಟಿದ್ನಾ?"

ಪೂಜೆಯಾದ ಬಾಗಿಲಿಗೆ ಅವರು ಉಳಿ ತಾಕಿಸುವುದಿಲ್ಲ, ಅದು ಅವರ ಮನೆತನದ ಕಟ್ಟಳೆ.

"ಹಂಗಾದ್ರೆ ಅಳತೆ ತಪ್ಪಿದೀನಿ ಅಂತ ಒಪ್ಕೋ. ವಯಸ್ಸಾಯ್ತು, ಕಣ್ಣು ಹೋಗಿರ್ತದೆ."

ಮುನಿಗಂಗಪ್ಪನವರ ಮುಖ ಕಪ್ಪಿಟ್ಟಿತು. ಚೀಲದಿಂದ ಆ ಬಿದಿರು ಕಡ್ಡಿ ತೆಗೆದು ಗೇಟಿನ ಮೇಲಿಟ್ಟರು: ಗೇಟು ಕಡ್ಡಿಗಿಂತ ಒಂದು ಬೆರಳು ಚಿಕ್ಕದೇ. ಅದೇ ಕಡ್ಡಿಯನ್ನು ಕಂಬಗಳ ನಡುವೆ ಹಿಡಿದರು. ಅದೂ ಹಿಡಿಸಲಿಲ್ಲ. ಉಗುರಿನಿಂದ ಪ್ಲಾಸ್ಟರ್ ಕೆರೆದು ನೋಡಿದರು.

"ಇದ್ಯಾವಾಗ ಬಳಿದೆಯೋ?"

"ನಂಗೇನು ಕನಸು ಬಿದ್ದಿತ್ತಾ ಬಳಿಯೋಕೆ? ಮೇಷ್ಟ್ರನ್ನ ಕೇಳು."

ಅಲ್ಲಿಯವರೆಗೂ ನಾನು ಬೇರೆಯವರ ಮನೆ ಪೂಜೆಗೆ ಬಂದವನ ಹಾಗೆ ಪಕ್ಕದಲ್ಲಿ ನಿಂತಿದ್ದೆ.

"ತೆಳ್ಳಗೆ ಬಳಿ ಅಂತ ಹೇಳಿದ್ದೆ" ಅಂದೆ.

"ಊರವರ ಮುಂದೆ ನನ್ನ ಅಳತೆ ತಪ್ಪು ಅಂತಿದ್ನಲ್ಲ, ಆಗ ಬಾಯಲ್ಲಿ ಏನಿಟ್ಕೊಂಡಿದ್ರಿ?"

ಬಾಯಲ್ಲಿ ನಿಜಕ್ಕೂ ಕಾಯಿ ಚೂರಿತ್ತು. ನುಂಗಿದೆ.

ಕಂಬ ಕೆತ್ತು ಅಂತ ನಾನು ಅಂದರೆ ವೆಂಕಟರವಣಪ್ಪ ಒಪ್ಪಲಿಲ್ಲ. "ನನ್ನ ಕೆಲಸ ಮುಗೀತು ಸ್ವಾಮಿ. ವಾರ ಪೂರ್ತಿ ನೀರು ಹಾಕಿ ಗಟ್ಟಿ ಮಾಡಿದೀನಿ."

"ಬಳಿಸಿದವರೇ ಒಡೀಲಿ" ಎಂದು ಮುನಿಗಂಗಪ್ಪನವರು ಸುತ್ತಿಗೆ, ಹಳೇ ಉಳಿ ತಂದು ನನ್ನ ಕಾಲ ಬಳಿ ಹಾಕಿದರು. "ಇಲ್ದಿದ್ರೆ ಗೇಟು ವಾಪಸ್ ಹೋಗ್ತದೆ. ಯಾಕೆ ಹೋಯ್ತು ಅಂತ ದಾರಿಯುದ್ದಕ್ಕೂ ಹೇಳ್ಕೊಂಡು ಹೋಗ್ತೀನಿ."

"ಹೊಡೀರಿ ಅಂದ್ರೆ! ಹತ್ತೂವರೆ ಆಗ್ತಾ ಬಂತು" ಎಂದಳು ತನುಜ. ಹೆಂಡತಿಯೂ ಆ ಕಡೆಯೇ.

ಹೊಸ ಪಂಚೆ ಎತ್ತಿ ಕಟ್ಟಿ ಹೊಡೆದೆ. ಮೊದಲ ಏಟು ನನ್ನ ಹೆಬ್ಬೆರಳಿಗೆ. ಮೂರನೆಯ ಏಟಿಗೆ ಪ್ಲಾಸ್ಟರಿನ ಜೊತೆ ಅರ್ಧ ಇಟ್ಟಿಗೆಯೂ ಉದುರಿತು. ವೆಂಕಟರವಣಪ್ಪನಿಗೆ ತಡೆಯಲಾಗಲಿಲ್ಲ. "ಅಯ್ಯೋ ಬಿಡಿ ಮೇಷ್ಟ್ರೇ, ಕಂಬಾನೇ ಸಾಯಿಸ್ತಿದೀರಿ!" ಎಂದು ಸುತ್ತಿಗೆ ಕಿತ್ತುಕೊಂಡ. ಬಡಗಿಯನ್ನೂ ನನ್ನನ್ನೂ ನನ್ನ ಟೈಪ್‌ರೈಟರುಗಳನ್ನೂ ತೆಲುಗಿನಲ್ಲಿ ಬೈಯುತ್ತಾ ಎರಡೂ ಕಂಬಗಳ ಒಳಮೈಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿದ.

ಹತ್ತೂ ಇಪ್ಪತ್ತಕ್ಕೆ ಗೇಟು ಕೂತಿತು. ತನುಜ ಕಿರುಬೆರಳಲ್ಲಿ ನೂಕಿದರೆ ತಿರುಗಿತು, ಸದ್ದಿಲ್ಲದೆ ಮುಚ್ಚಿತು. ಮೂರು ಕಡೆ ಸಿಮೆಂಟು, ಒಂದು ಕಡೆ ಬರೀ ಇಟ್ಟಿಗೆಯ ಕಂಬಗಳು ಅರ್ಧ ಕ್ಷೌರ ಮಾಡಿಸಿಕೊಂಡವರಂತೆ ನಿಂತವು. ಮುನಿಗಂಗಪ್ಪನವರು ಕಂಬಗಳ ಕಡೆ ತಿರುಗಿಯೂ ನೋಡಲಿಲ್ಲ. ತಾಂಬೂಲವನ್ನು ನನ್ನ ಕೈಯಿಂದ ಇಸಿದುಕೊಳ್ಳದೆ, ತನುಜಳ ಕೈಯಿಂದ ತೆಗೆದುಕೊಂಡರು. ಆಮೇಲೆ ಬೀದಿಯವರ ಕಡೆ ತಿರುಗಿದರು.

"ಬನ್ನಿ, ಎಲ್ಲಾರೂ ಮುಟ್ಟಿ ನೋಡ್ಕಳಿ. ಎಲ್ಲಾದ್ರೂ ಮತ್ತೆ ಕೆರೆದಿದೀನಾ?"

ಯಾರೂ ಮುಂದೆ ಬರಲಿಲ್ಲ. ಕೊನೆಗೆ ಮುಜಮ್ಮಿಲ್ ಬಂದು ಗೇಟಿನ ಅಂಚಿನ ಮೇಲೆ ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದ. ಮತ್ತೆ ಕೆಳಗಿಂದ ಮೇಲಕ್ಕೆ.

"ಇಲ್ಲ ಚಾಚಾ. ಎಲ್ಲೂ ಕೆರೆದಿಲ್ಲ" ಅಂದ.

ಮುನಿಗಂಗಪ್ಪನವರು ಅವನ ಕೈಯನ್ನು ಮರದ ಮೇಲಿಂದ ತಳ್ಳಿದರು.

"ಗೊತ್ತಾಯ್ತಲ್ಲ, ತೆಗಿ ಕೈಯ. ಮಸಿ ಅಂಟ್ಕತದೆ."